ಬೆಂಚ್ ಡ್ರಿಲ್ ಲೇಸರ್: ತೆಳು ಹಲಗೆಗೆ ಸರಿ, ದಪ್ಪ ಮರ ಇಟ್ರೆ ಕ್ರಾಸ್ ಪಕ್ಕಕ್ಕೆ ಹೋಗುತ್ತೆ, ಏನ್ ಮಾಡೋದು?

ಹಲಸಿನ_ಹಲಗೆ (ತುಮಕೂರು):
ಎಲ್ರಿಗೂ ನಮಸ್ಕಾರ. ನನ್ ಹತ್ರ ಇರೋದು 13 ಎಂಎಂ ಚಕ್ (ಬಿಟ್ ಹಿಡಿಯೋ ಬಾಯಿ) ಇರೋ ಬೆಂಚ್ ಡ್ರಿಲ್, ಹೆಡ್‌ನ ಎರಡೂ ಪಕ್ಕ ಕೆಂಪು ಲೇಸರ್ ಕಂಪನಿಯಿಂದಲೇ ಕೂರಿಸಿ ಬಂದಿದೆ, ಎರಡು ಗೆರೆ ಸೇರಿ ಮರದ ಮೇಲೆ ಕ್ರಾಸ್ ಬೀಳುತ್ತೆ. 18 ಎಂಎಂ ಪ್ಲೈ ಇಟ್ಟು ಬಿಟ್ ಇಳಿಸಿದ್ರೆ ಮೊನೆ ಕರೆಕ್ಟಾಗಿ ಕ್ರಾಸ್ ಮಧ್ಯಕ್ಕೇ ಬರುತ್ತೆ. ಟೇಬಲ್ ಮುಟ್ಟದೆ ಅಲ್ಲೇ 75 ಎಂಎಂ ದಪ್ಪದ ತೇಗದ ಕಾಲು ಇಟ್ರೆ (ಮಂಚಕ್ಕೆ ಮಾಡ್ತಿರೋದು) ಮೊನೆಗೂ ಕ್ರಾಸ್‌ಗೂ ಹತ್ತತ್ರ 2 ಎಂಎಂ ದೂರ ಆಗ್ಬಿಡುತ್ತೆ. ಮಷೀನೇ ಡಿಫೆಕ್ಟಾ, ಇಲ್ಲ ಅಡ್ಜಸ್ಟ್ ಮಾಡಿದ್ರೆ ಸರಿ ಹೋಗುತ್ತಾ? ಜೊತೆಯಲ್ಲಿ ಬಂದ ಪುಸ್ತಕದಲ್ಲಿ "ಸ್ಕ್ರೂ ಲೂಸ್ ಮಾಡಿ ಗೆರೆ ಹೊಂದಿಸಿ" ಅಂತ ಒಂದೇ ಲೈನ್ ಇದೆ. ಇದನ್ನ ನಿಜವಾಗ್ಲೂ ಕೆಲ್ಸಕ್ಕೆ ಬಳಸೋರು ಯಾರಾದ್ರೂ ಇದ್ರೆ ದಯವಿಟ್ಟು ಹೇಳಿ.

ತೇಗದ_ಪುಡಿ:
ನಂದೂ ಇದೇ ಪ್ರಾಬ್ಲಂ. ಫಾಲೋ ಮಾಡ್ತಿದೀನಿ.

ಮೂಲೆಮಟ್ಟ (ಮೈಸೂರು):
ಮಷೀನ್ ಕೆಟ್ಟಿಲ್ಲ ಸಾರ್, ಸೆಟ್ಟಿಂಗ್ ಅರ್ಧ ಆಗಿದೆ ಅಷ್ಟೆ. ಯಾಕೆ ಹೀಗಾಗುತ್ತೆ ಅಂತ ಒಂದ್ಸಲ ತಲೆಗೆ ಹತ್ತಿದ್ರೆ ಆಮೇಲೆ ಯಾವ ಮಷೀನ್ ಆದ್ರೂ ನೀವೇ ಸರಿ ಮಾಡ್ಕೋಬಹುದು, ಅದಕ್ಕೆ ಸ್ವಲ್ಪ ಉದ್ದ ಬರೀತೀನಿ.

ಗೆರೆ ಲೇಸರ್ ಇಂದ ಹೊರಡೋದು ಬೆಳಕಿನ ಒಂದು ಹಾಳೆ. ಆ ಹಾಳೆ ಮರಕ್ಕೆ ತಾಗಿದ ಕಡೆ ನಮಗೆ ಗೆರೆಯಾಗಿ ಕಾಣುತ್ತೆ. ಸ್ಪಿಂಡಲ್ (ಚಕ್ ತಿರುಗಿಸೋ ದಂಡ) ಯಾವ ಅಕ್ಷದ ಮೇಲೆ ತಿರುಗುತ್ತೋ, ಎರಡೂ ಹಾಳೆ ಆ ಅಕ್ಷದ ಉದ್ದಕ್ಕೂ ಹಾದು ಹೋಗ್ತಿದ್ರೆ ಅವೆರಡೂ ಸೇರೋ ಜಾಗ ಅಂದ್ರೆ ಆ ಅಕ್ಷವೇ ಆಯ್ತಲ್ಲ, ಆಗ ಟೇಬಲ್ ಮೇಲೆತ್ತಿ ಕೆಳಗಿಳಿಸಿ, ಮರ 10 ಎಂಎಂ ಇರ್ಲಿ 100 ಎಂಎಂ ಇರ್ಲಿ, ಕ್ರಾಸ್ ಅಲ್ಲಾಡಲ್ಲ. ನಿಮ್ಮ ಮಷೀನಲ್ಲಿ ಒಂದು ಹಾಳೆನೋ ಎರಡೂನೋ ಸ್ವಲ್ಪ ವಾಲಿದೆ, ಅದು 18 ಎಂಎಂ ಎತ್ತರದಲ್ಲಿ ಮಾತ್ರ ಅಕ್ಷ ದಾಟ್ತಿದೆ. 75ರಲ್ಲಿ 18 ಕಳೆದ್ರೆ 57, ಆ 57 ಎಂಎಂ ಎತ್ತರಕ್ಕೆ 2 ಎಂಎಂ ಸರೀತಿದೆ ಅಂದ್ರೆ ವಾಲಿರೋದು ಸುಮಾರು 2 ಡಿಗ್ರಿ. ಬರಿ ಕಣ್ಣಲ್ಲಿ ಲೇಸರ್ ಕೂತಿರೋದು ನೋಡಿದ್ರೆ 2 ಡಿಗ್ರಿ ಗೊತ್ತೇ ಆಗಲ್ಲ.

ಹಾಗಾಗಿ ಒಂದು ಎತ್ತರದಲ್ಲಿ ಚುಕ್ಕಿಗೆ ಗೆರೆ ಕೂರಿಸಿ ಮುಗೀತು ಅಂದ್ಕೋಬಾರ್ದು. ಹೀಗೆ ಮಾಡಿ. 6 ಅಥವಾ 8 ಎಂಎಂ ದಪ್ಪದ, ಒಂದು ಗೇಣುದ್ದ ಇರೋ ನೆಟ್ಟಗಿನ ಸ್ಟೀಲ್ ರಾಡ್ ತಗೊಳ್ಳಿ, ಗಾಜಿನ ಮೇಲೆ ಉರುಳಿಸಿ ನೋಡಿ, ಎಗರಾಡ್ದೆ ಉರುಳಿದ್ರೆ ನೆಟ್ಟಗಿದೆ ಅಂತ. ಚಕ್‌ಗೆ ಹಿಡಿಸಿ ಬಿಗಿ ಮಾಡಿ. ಮೋಟರ್ ಆನ್ ಆಗದ ಹಾಗೆ ನೋಡ್ಕೊಳ್ಳಿ, ಲೇಸರ್ ಬ್ಯಾಟರಿದಾದ್ರೆ ಪ್ಲಗ್ಗೇ ಕಿತ್ತಿಡಿ. ಈಗ ಒಂದು ಲೇಸರ್ ಮುಚ್ಚಿ, ಇನ್ನೊಂದನ್ನ ಮಾತ್ರ ಬಿಟ್ಟು ಅದರ ಗೆರೆ ರಾಡ್ ಮೇಲೆ ಹೇಗೆ ಬೀಳುತ್ತೆ ನೋಡಿ. ಹಾಳೆ ಸರಿ ಇದ್ರೆ ರಾಡ್‌ನ ಹೊಟ್ಟೆ ಮೇಲೆ ಮೇಲಿಂದ ಕೆಳಗಿನ ತನಕ ನಟ್ಟನಡುವೆ ಗೆರೆ ಓಡುತ್ತೆ. ವಾಲಿದ್ರೆ ಒಂದು ತುದೀಲಿ ಮಧ್ಯದಲ್ಲಿದ್ದು ಇನ್ನೊಂದು ತುದಿ ಕಡೆ ಹೋಗ್ತಾ ಹೋಗ್ತಾ ಪಕ್ಕಕ್ಕೆ ಜಾರಿ ರಾಡ್‌ನಿಂದ ಹೊರಗೇ ಹೋಗ್ಬಿಡುತ್ತೆ.

ಸರಿ ಮಾಡೋಕೆ ಲೇಸರ್‌ಗೆ ಎರಡು ಥರ ಚಲನೆ ಬೇಕು. ಒಂದು, ಅದರ ಮೂತೀನ ಎಡಕ್ಕೆ ಬಲಕ್ಕೆ ತಿರುಗಿಸೋದು. ಇನ್ನೊಂದು, ಲೇಸರ್ ಕೊಳವೆನ ಅದಿರೋ ಜಾಗದಲ್ಲೇ ಸುತ್ತ ತಿರುಚೋದು. ಮೊದ್ಲು ತಿರುಚಿ ಗೆರೆನ ರಾಡ್‌ಗೆ ಸಮಾನಾಂತರ ಮಾಡ್ಕೊಳ್ಳಿ, ಆಮೇಲೆ ಪಕ್ಕಕ್ಕೆ ಸರಿಸಿ ಮಧ್ಯಕ್ಕೆ ತನ್ನಿ, ಒಂದನ್ನ ಸರಿ ಮಾಡಿದ್ರೆ ಇನ್ನೊಂದು ಚೂರು ಕೆಡುತ್ತೆ, ಮತ್ತೆ ಮತ್ತೆ ಹೋಗ್ತಾ ಬರ್ತಾ ಇರ್ಬೇಕು. ಒಂದು ಲೇಸರ್ ಪೂರ್ತಿ ಆದ್ಮೇಲೇ ಎರಡನೇದು ಬಿಡಿ. ಮೂತಿ ಮೇಲಕ್ಕೆ ಕೆಳಕ್ಕೆ ಎಷ್ಟು ಬಗ್ಗಿದೆ ಅನ್ನೋದರ ಬಗ್ಗೆ ತಲೆ ಕೆಡಿಸ್ಕೋಬೇಡಿ, ಅದು ಹಾಳೆಯೊಳಗಿನ ಚಲನೆ, ಕ್ರಾಸ್‌ಗೆ ಏನೂ ಆಗಲ್ಲ.

ಹುಬ್ಬಳ್ಳಿ_ಬೆಂಚ್:
ಚಲೋ ಹೇಳೀರಿ ಸರ್. ಆದ್ರ ನಾ ಒಂದು ಮಾತು ಹೇಳ್ತೀನಿ, ಸಿಟ್ಟಾಗಬ್ಯಾಡ್ರಿ. ನಮ್ಮ ಅಂಗಡ್ಯಾಗ ದಿನಾ ತೂತು ಹಾಕೋದೇ ಕೆಲಸ, ಲೇಸರ್ ಇಲ್ಲ. ಪೆನ್ಸಿಲ್ ಗೆರಿ ಎರಡು ಹಾಕಿ, ಅವು ಕೂಡೋ ಜಾಗಾಕ್ಕ ಚೂಪ ಆರಿ ಚುಚ್ಚಿ ಸಣ್ಣ ಕುಳಿ ಮಾಡ್ತೀವಿ, ಬ್ರಾಡ್ ಪಾಯಿಂಟ್ ಬಿಟ್‌ನ ಮೊನಿ ತಾನಾಗೇ ಆ ಕುಳಿಯೊಳಗ ಹೋಗಿ ಕೂಡತೈತಿ. ಮಷೀನ್ ಬಂದ್ ಇದ್ದಾಗ ಹ್ಯಾಂಡಲ್ ಇಳಿಸಿ ಮೊನಿ ಕುಳ್ಯಾಗ ಕೂಡಿಸಿ, ಮರ ಕ್ಲ್ಯಾಂಪ್ ಮಾಡಿ, ಆಮ್ಯಾಲ ಚಾಲೂ ಮಾಡ್ರಿ. ಕಂಪನಿ ಲೇಸರ್ ಗೆರಿನೇ ಒಂದು ಎಂಎಂ ದಪ್ಪ ಇರತಾವ್ರಿ, ಆರಿ ಚುಚ್ಚಿದ ಕುಳಿ ಅದಕ್ಕಿಂತ ಎಷ್ಟೋ ಸಣ್ಣದು. ಮಂಚದ ಕಾಲಿಗೆ ಡೊವೆಲ್ (ಎರಡು ಮರ ಕೂಡಿಸೋ ಗುಂಡ ಕಡ್ಡಿ) ತೂತು ಹಾಕೋರು ಲೇಸರ್ ನಂಬಿದ್ರ ಎರಡು ಕಡೆ ತೂತು ಒಂದಕ್ಕೊಂದು ಕೂಡಂಗಿಲ್ಲ.

ಮೂಲೆಮಟ್ಟ (ಮೈಸೂರು):
ಒಪ್ಪಿದೆ ರೀ, ಡೊವೆಲ್‌ಗೆ ಲೇಸರ್ ಬೇಡವೇ ಬೇಡ. ಅಲ್ಲಿ ಫೆನ್ಸ್ ಮತ್ತೆ ಸ್ಟಾಪ್ ಬ್ಲಾಕ್ ಬೇಕು. ನಾಲ್ಕು ಕಾಲಿಗೂ ಒಂದೇ ಜಾಗದಲ್ಲಿ ತೂತು ಬರ್ಬೇಕು ಅಂದ್ರೆ ಟೇಬಲ್‌ಗೆ ನೆಟ್ಟಗಿನ ಪಟ್ಟಿ ಬಿಗಿದು, ಪಕ್ಕದಲ್ಲಿ ಒಂದು ತುಂಡು ಅಡ್ಡ ಕೊಟ್ಟು, ಕಾಲನ್ನ ಅದಕ್ಕೆ ಒತ್ತಿ ಇಟ್ರೆ ಮುಗೀತು, ಕಣ್ಣಿಗೆ ಕೆಲ್ಸಾನೇ ಇಲ್ಲ. ಕಪಾಟಿನ ಶೆಲ್ಫ್ ಪಿನ್ ತೂತುಗಳಿಗೂ ಹಂಗೇ: 5 ಎಂಎಂ ತೂತು, 32 ಎಂಎಂ ಅಂತರ, ಮುಂದಿನ ಅಂಚಿನಿಂದ 37 ಎಂಎಂ. ಲೇಸರ್ ನೋಡ್ಕೊಂಡು ಒಂದೊಂದೇ ಹಾಕ್ತಾ ಹೋದ್ರೆ ಹಲಗೆ ಅಲುಗಾಡುತ್ತೆ ಕೊನೆಗೆ.

ಅಡುಗೆಮನೆ_ಕಪಾಟು (ಬೆಂಗಳೂರು):
ನಾನು ಮಾಡ್ಯುಲರ್ ಕಿಚನ್ ಶಟರ್‌ಗಳಿಗೆ ಹಿಂಜ್ ತೂತು ಹಾಕ್ತೀನಿ, ನನಗೆ ಲೇಸರ್ ಇಲ್ದೆ ಆಗಲ್ಲ, ಅದಕ್ಕೆ ಇಲ್ಲಿ ಹೇಳ್ಲೇಬೇಕು. 35 ಎಂಎಂ ಫೋರ್ಸ್ಟ್‌ನರ್ ಬಿಟ್ ನೋಡಿದೀರಲ್ಲ, ಸುತ್ತ ಅಗಲದ ಅಂಚು, ಮಧ್ಯದ ಚಿಕ್ಕ ಮೊನೆ ಆ ಅಗಲದ ಅಡಿಯಲ್ಲಿ ಮರೆಯಾಗಿರುತ್ತೆ, ಬಗ್ಗಿ ನೋಡಿದ್ರೂ ಮೊನೆ ಚುಕ್ಕಿ ಮೇಲಿದೆಯಾ ಅಂತ ಕಾಣಲ್ಲ. ಸಣ್ಣ ಬಿಟ್‌ಗೆ ಹುಬ್ಬಳ್ಳಿಯವ್ರು ಹೇಳಿದ್ದು ಸರಿ, ಈ ಅಗಲದ ಬಿಟ್‌ಗೆ ಲೇಸರ್ರೇ ಕಣ್ಣು.

ಲೆಕ್ಕ ಹೊಸಬರಿಗೆ: ಕಪ್‌ನ ಅಂಚಿಗೂ ಬಾಗಿಲಿನ ಅಂಚಿಗೂ ಮಧ್ಯೆ 5 ಎಂಎಂ ಬಿಡ್ತೀರಿ ಅಂದ್ರೆ ಸೆಂಟರ್ ಬರೋದು 22.5 ಎಂಎಂಗೆ, ಅಂದ್ರೆ 17.5 ಪ್ಲಸ್ 5. ಆಳ 12 ರಿಂದ 13 ಎಂಎಂ, ಆದ್ರೆ ನಿಮ್ಮ ಹಿಂಜ್ ಕಪ್‌ನ ಅಳತೆ ಒಂದ್ಸಲ ನೋಡ್ಕೊಳ್ಳಿ. 18 ಎಂಎಂ ಶಟರ್‌ನಲ್ಲಿ ಉಳಿಯೋದೇ 5-6 ಎಂಎಂ, ಡೆಪ್ತ್ ಸ್ಟಾಪ್ ಹಾಕ್ದೆ ಯಾರೂ ಶುರು ಮಾಡ್ಬೇಡಿ, ಮೊನೆ ಮುಂದಕ್ಕೆ ಚಾಚಿರುತ್ತಲ್ಲ ಅದು ಲ್ಯಾಮಿನೇಟ್ ಕಡೆ ಉಬ್ಬು ತಂದುಬಿಡುತ್ತೆ.

ಮೂಲೆಮಟ್ಟ (ಮೈಸೂರು):
ಮೇಡಂ ಸೂಪರ್. ಅದಕ್ಕೊಂದು ಸೇರಿಸ್ತೀನಿ: ಚುಕ್ಕಿ ಮಾತ್ರ ಹಾಕ್ಬೇಡಿ, ಎರಡೂ ಗೆರೆನ 60-70 ಎಂಎಂ ಉದ್ದ ಎಳೀರಿ, ತೂತಿಗಿಂತ ಹೊರಗೆ ಬರೋ ಹಾಗೆ. ಬಿಟ್ ಹತ್ರ ಬಂದಾಗ ಕ್ರಾಸ್‌ನ ಮಧ್ಯಭಾಗ ಬಿಟ್‌ನ ನೆರಳಲ್ಲಿ ಮಾಯ ಆಗುತ್ತೆ, ಆದ್ರೆ ಲೇಸರ್ ಗೆರೆಯ ತುದಿಗಳು ಪೆನ್ಸಿಲ್ ಗೆರೆ ತುದಿಗಳ ಮೇಲೆ ಮಲಗಿದ್ರೆ ಸೆಂಟರ್ ಸರಿ ಇದೆ ಅಂತ. ಉದ್ದ ಗೆರೆ ಮೇಲೆ ಉದ್ದ ಗೆರೆ ಕೂರಿಸೋದು ಚುಕ್ಕಿ ಮೇಲೆ ಕೂರಿಸೋದಕ್ಕಿಂತ ಕಣ್ಣಿಗೆ ಬಹಳ ಸುಲಭ. ಲೇಸರ್ ಗೆರೆ ದಪ್ಪ ಇದ್ರೂ ಪೆನ್ಸಿಲ್ ಗೆರೆ ಅದರ ನಡುವೆ ಬಂದಿದೆಯಾ ಅಂತ ಚೆನ್ನಾಗಿ ತಿಳಿಯುತ್ತೆ.

ಹಲಸಿನ_ಹಲಗೆ (ತುಮಕೂರು):
ರಾಡ್ ಹಾಕಿ ನೋಡಿದೆ ಸಾರ್, ನೀವು ಹೇಳಿದ್ದು ನೂರಕ್ಕೆ ನೂರು ಸರಿ! ಬಲಗಡೆ ಲೇಸರ್ ಗೆರೆ ರಾಡ್ ಉದ್ದಕ್ಕೂ ಮಧ್ಯದಲ್ಲೇ ಇದೆ, ಎಡಗಡೆದು ಕೆಳಗಿನ ತುದಿ ಹತ್ರ ಮಧ್ಯದಲ್ಲಿದ್ದು ಚಕ್ ಹತ್ರ ಹೋಗೋ ಹೊತ್ತಿಗೆ ರಾಡ್ ಬಿಟ್ಟು ಪೂರ್ತಿ ಹೊರಗೆ. ಕಣ್ಣಿಗೆ ಕಟ್ಟಿದ ಹಾಗೆ ಗೊತ್ತಾಯ್ತು. ಆದ್ರೆ ಎಡಗಡೆ ಲೇಸರ್ ಪ್ಲಾಸ್ಟಿಕ್ ಗೂಡಲ್ಲಿ ಕೂತಿದೆ, ಪಕ್ಕಕ್ಕೆ ತಿರುಗುತ್ತೆ, ತಿರುಚೋಕೆ ಬರಲ್ಲ, ಒಂದು ಚಪ್ಪಟೆ ಮುಖ ಇದೆ ಅದು ಗೂಡಿಗೆ ಸಿಕ್ಕಾಕೊಂಡಿದೆ. ಏನ್ ದಾರಿ?

ಎಸ್‌ಪಿ_ರೋಡ್_ಗಿರಾಕಿ:
ಗುರು ಆ ಚಪ್ಪಟೆ ಮುಖನ ಫೈಲ್ ಹಾಕಿ ಗುಂಡಗೆ ಮಾಡ್ಬಿಡು, ಪಕ್ಕದಿಂದ ಸಣ್ಣ ಗ್ರಬ್ ಸ್ಕ್ರೂ (ತಲೆ ಇಲ್ಲದ ಸ್ಕ್ರೂ) ಕೊಟ್ಟು ಹಿಡ್ಕೊಳ್ಳೋ ಹಾಗೆ ಮಾಡು. ವಾರಂಟಿ ಇದ್ರೆ ಮುಟ್ಟಬೇಡ, ಮೊದ್ಲು ಮಾರಿದವ್ರನ್ನ ಕೇಳು.

ಇಲ್ಲಾಂದ್ರೆ ಪೂರ್ತಿ ಸ್ವಂತದ್ದೇ ಮಾಡ್ಕೋ. ಬೆಂಗಳೂರು ಎಸ್‌ಪಿ ರೋಡ್‌ನಲ್ಲಿ 12 ಎಂಎಂ ದಪ್ಪದ ಲೈನ್ ಲೇಸರ್ ಮಾಡ್ಯೂಲ್ ಸಿಗುತ್ತೆ, 650 ನ್ಯಾನೋಮೀಟರ್ ಕೆಂಪು, 5 ಮಿಲಿವ್ಯಾಟ್, 3 ರಿಂದ 5 ವೋಲ್ಟ್. ಹಳೇ ಫೋನ್ ಚಾರ್ಜರ್ 5 ವೋಲ್ಟ್‌ಗೆ ಓಡುತ್ತೆ, ಕೊಳ್ಳೋವಾಗ ಅದರ ವೋಲ್ಟ್ ಮಾತ್ರ ಖಚಿತ ಮಾಡ್ಕೋ. ಮಾಡ್ಯೂಲ್ ಗುಂಡಗೆ ಇರೋದ್ರಿಂದ ತಿರುಚೋದು ಫ್ರೀ. ಹಲಸಿನ ಮರದ ಒಂದು ಗಟ್ಟಿ ತುಂಡಿಗೆ 12 ಎಂಎಂ ತೂತು ಹಾಕಿ, ತೂತಿನ ತನಕ ಗರಗಸದಲ್ಲಿ ಸೀಳು ಕೊಟ್ಟು, ಅಡ್ಡಕ್ಕೆ ಒಂದು ಎಂ4 ಬೋಲ್ಟ್ ಹಾಕಿದ್ರೆ ಬಿಗಿ ಹಿಡಿಯೋ ಹಿಡಿಕೆ ರೆಡಿ. ಆ ತುಂಡನ್ನ ಹೆಡ್‌ಗೆ ಒಂದೇ ಬೋಲ್ಟಲ್ಲಿ ಹಾಕು, ಅದರ ಮೇಲೆ ಪಕ್ಕಕ್ಕೆ ತಿರುಗುತ್ತೆ. ಎರಡೂ ಚಲನೆ ಸಿಕ್ತು. ತುಂಬಾ ಮಾಡ್ಯೂಲ್‌ಗಳಲ್ಲಿ ಮುಂದಿನ ಲೆನ್ಸ್ ತಿರುಗಿಸಿದ್ರೆ ಫೋಕಸ್ ಆಗುತ್ತೆ, ಮರದ ಮೇಲ್ಮೈ ದೂರಕ್ಕೆ ಗೆರೆ ಆದಷ್ಟು ತೆಳ್ಳಗೆ ಬರೋ ತನಕ ತಿರುಗಿಸು, ಕಂಪನಿ ಲೇಸರ್‌ಗಿಂತ ಚೆನ್ನಾಗಿ ಬರುತ್ತೆ.

ಮಷೀನ್ ನಡುಕಕ್ಕೆ ಎಲ್ಲಾ ಲೂಸ್ ಆಗುತ್ತೆ, ನೈಲಾಕ್ ನಟ್ ಹಾಕು.

ಗ್ಯಾರೇಜ್_ಟೆಕ್ಸಾಸ್:
ಇಲ್ಲಿಂದ ನಂದೂ ಒಂದಿಷ್ಟು. ನನ್ ಹತ್ರ ಇರೋದು ವೆನ್ 4214, 12 ಇಂಚಿನ ಮಷೀನ್ (ಕಂಬದಿಂದ ಚಕ್ ಮಧ್ಯಕ್ಕೆ 6 ಇಂಚು ಅಂತ ಅರ್ಥ), 580 ರಿಂದ 3200 ಆರ್‌ಪಿಎಂ, ಲೇಸರ್ ಅದ್ರಲ್ಲೇ ಇದೆ. ರಾಡ್ ಹಾಕಿ ಸೆಟ್ ಮಾಡಿದ್ಮೇಲೆ ಚೆನ್ನಾಗಿ ಕೆಲ್ಸ ಮಾಡ್ತಿದೆ. ಇಲ್ಲಿ ವಿಕ್ಸಿ ಅಂತ ಒಂದು ಕಂಪನಿ ಕಂಬಕ್ಕೆ ಕ್ಲ್ಯಾಂಪ್ ಮಾಡೋ ಲೇಸರ್ ಕೂಡ ಮಾಡಿತ್ತು, ಲೇಸರ್ ಇಲ್ಲದ ಹಳೇ ಮಷೀನ್‌ಗಳಿಗೆ ಅಂತ.

ಸ್ವಂತ ಮಾಡ್ಕೊಳ್ಳೋರಿಗೆ ಒಂದು ವಿಷ್ಯ. ಎರಡು ಗೆರೆ ಒಂದಕ್ಕೊಂದು 90 ಡಿಗ್ರಿ ಹತ್ತಿರ ಬರೋ ಹಾಗೆ ಲೇಸರ್ ಕೂರಿಸಿ. ಎರಡನ್ನೂ ಹಿಂದುಗಡೆ ಪಕ್ಕ ಪಕ್ಕ ಇಟ್ರೆ ಗೆರೆಗಳು ಸಣ್ಣ ಕೋನದಲ್ಲಿ ದಾಟ್ತವೆ. 1 ಎಂಎಂ ದಪ್ಪದ ಎರಡು ಗೆರೆ 30 ಡಿಗ್ರಿಯಲ್ಲಿ ದಾಟಿದ್ರೆ ಅವು ಸೇರೋ ಕೆಂಪು ಮಚ್ಚೆ ಹತ್ತತ್ರ 4 ಎಂಎಂ ಉದ್ದ ಆಗುತ್ತೆ, ಅದರಲ್ಲಿ ಸೆಂಟರ್ ಎಲ್ಲಿ ಅಂತ ಹುಡುಕೋದು? 90 ಡಿಗ್ರಿಯಲ್ಲಿ ಅದೇ ಮಚ್ಚೆ ಒಂದೂವರೆ ಎಂಎಂ ಒಳಗೆ. ಇನ್ನು ಗೆರೆ ಬದ್ಲು ಒಂದೇ ಚುಕ್ಕಿ ಬಿಡೋ ಲೇಸರ್ ತಗೋಳ್ಳೇಬೇಡಿ, 45 ಡಿಗ್ರಿಯಲ್ಲಿ ಓರೆಯಾಗಿ ಕೂರಿಸಿದ್ರೆ ಮರ 10 ಎಂಎಂ ದಪ್ಪ ಆದ್ರೆ ಚುಕ್ಕಿ 10 ಎಂಎಂ ಸರಿಯುತ್ತೆ.

ತೇಗದ_ಪುಡಿ:
ಹಸಿರು ಲೇಸರ್ ಹಾಕಿದ್ರೆ ಚೆನ್ನಾಗಿ ಕಾಣುತ್ತಂತೆ, ನಿಜಾನಾ? ನಮ್ ಶೆಡ್ ಮುಂದೆ ಪೂರ್ತಿ ಓಪನ್, ಹಗಲಲ್ಲಿ ಕೆಂಪು ಗೆರೆ ಕಾಣ್ಸೋದೇ ಇಲ್ಲ, ಅದ್ರಲ್ಲೂ ಬೀಟೆ ಮರದ ಮೇಲೆ.

ಎಸ್‌ಪಿ_ರೋಡ್_ಗಿರಾಕಿ:
ನಿಜ. ನಮ್ಮ ಕಣ್ಣು ಬೆಳಕಲ್ಲಿ ಅತಿ ಹೆಚ್ಚು ಗ್ರಹಿಸೋದು 555 ನ್ಯಾನೋಮೀಟರ್ ಸುತ್ತಮುತ್ತ, ಅದು ಹಸಿರು. ಅಷ್ಟೇ ಪವರ್‌ಗೆ 650ರ ಕೆಂಪಿಗಿಂತ ಎಷ್ಟೋ ಪ್ರಕಾಶವಾಗಿ ಕಾಣುತ್ತೆ. ಆದ್ರೆ ತಗೊಳ್ಳೋವಾಗ 520 ನ್ಯಾನೋಮೀಟರ್ ಅಂತ ಕೇಳಿ ತಗೋ, ಅದು ನೇರವಾಗಿ ಹಸಿರು ಕೊಡೋ ಡಯೋಡ್. 532 ಅಂತ ಬರೋದು ಒಳಗೆ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಲೇಸರ್‌ನಿಂದ ಹಸಿರು ಮಾಡೋದು, ಅಗ್ಗದ್ರಲ್ಲಿ ಫಿಲ್ಟರ್ ಇಲ್ದೆ ಇನ್‌ಫ್ರಾರೆಡ್ ಹೊರಗೆ ಸೋರೋ ಸಾಧ್ಯತೆ ಇದೆ. ಅಮೆರಿಕದ ಅಳತೆ-ಮಾನಕ ಸಂಸ್ಥೆ ಎನ್‌ಐಎಸ್‌ಟಿ 2010ರಲ್ಲೇ ಅಂಥ ಒಂದು ಅಗ್ಗದ ಹಸಿರು ಪಾಯಿಂಟರ್ ಅಳೆದು ಎಚ್ಚರಿಕೆ ಕೊಟ್ಟಿತ್ತು. ಕಾಣದ ಬೆಳಕಿಗೆ ಕಣ್ಣು ರೆಪ್ಪೆ ಮುಚ್ಚೋದೇ ಇಲ್ವಲ್ಲ, ಅದೇ ಅಪಾಯ.

ಅಡುಗೆಮನೆ_ಕಪಾಟು (ಬೆಂಗಳೂರು):
ಲೇಬಲ್ ಮೇಲೆ ಕ್ಲಾಸ್ ನೋಡಿ. ಕ್ಲಾಸ್ 2 ಅಂದ್ರೆ 1 ಮಿಲಿವ್ಯಾಟ್ ಒಳಗೆ, ಆಕಸ್ಮಿಕವಾಗಿ ಕಣ್ಣಿಗೆ ಬಿದ್ರೂ ರೆಪ್ಪೆ ತಾನಾಗೇ ಮುಚ್ಚೋದ್ರಿಂದ ಸಾಮಾನ್ಯವಾಗಿ ತೊಂದ್ರೆ ಇಲ್ಲ. 5 ಮಿಲಿವ್ಯಾಟ್ ಅಂದ್ರೆ ಕ್ಲಾಸ್ 3ಆರ್, ಅದನ್ನ ದಿಟ್ಟಿಸಿ ನೋಡ್ಲೇಬಾರ್ದು. ಹೊಸ ಫೋರ್ಸ್ಟ್‌ನರ್ ಬಿಟ್ ಫಳಫಳ ಅಂತಿರುತ್ತೆ, ಅದಕ್ಕೆ ತಾಗಿ ಬೆಳಕು ಮುಖದ ಕಡೆ ಬರೋದುಂಟು, ಆದ್ರಿಂದ ಮರ ಹೊಂದಿಸಿ ಕ್ಲ್ಯಾಂಪ್ ಮಾಡಿದ ತಕ್ಷಣ ನಾನು ಲೇಸರ್ ಆಫ್ ಮಾಡಿ ಆಮೇಲೆ ಮೋಟರ್ ಆನ್ ಮಾಡೋದು. ಮನೇಲಿ ಮಕ್ಕಳಿದ್ರೆ ಲೇಸರ್‌ಗೆ ಬೇರೆ ಸ್ವಿಚ್ ಹಾಕಿಸಿ, ಅವ್ರ ಕಣ್ಣಿನ ಎತ್ತರಕ್ಕೇ ಬರುತ್ತೆ ಟೇಬಲ್.

ಮತ್ತೆ ಸೆಕೆ ಅಂತ ಲುಂಗಿ, ವೇಲ್, ಉದ್ದ ತೋಳು, ಕೈಗೆ ಗ್ಲೌಸ್, ಇವು ಯಾವ್ದೂ ಡ್ರಿಲ್ ಮುಂದೆ ಬೇಡ. ಗ್ಲೌಸ್ ಹಾಕಿದ್ರೆ ಸೇಫ್ ಅಂದ್ಕೊಳ್ಳೋರು ತುಂಬಾ ಜನ, ತಿರುಗೋ ಬಿಟ್‌ಗೆ ಬಟ್ಟೆ ಸಿಕ್ಕಿದ್ರೆ ಕೈಯನ್ನೇ ಎಳ್ಕೊಳ್ಳುತ್ತೆ. ಇದು ಲೇಸರ್ ವಿಷ್ಯ ಅಲ್ಲ, ಆದ್ರೂ ಹೇಳ್ಬೇಕು ಅನ್ನಿಸ್ತು.

ಹುಬ್ಬಳ್ಳಿ_ಬೆಂಚ್:
ಬರೋಬ್ಬರಿ ಹೇಳಿದ್ರಿ ಅಕ್ಕಾರ.

ಹಲಸಿನ ಹಲಗಿಯವ್ರ, ಲೇಸರ್ ಎಷ್ಟು ಸರಿ ಮಾಡಿದ್ರೂ ಅದು ತೋರ್ಸೋದು ಅಕ್ಷ ಎಲ್ಲೈತಿ ಅಂತ ಅಷ್ಟೇ. ಬಿಟ್ ಅಲ್ಲೇ ಹೋಗತೈತಿ ಅಂತ ಗ್ಯಾರಂಟಿ ಮಷೀನ್ ಕೊಡಬೇಕು. ಕ್ವಿಲ್ (ಹ್ಯಾಂಡಲ್ ತಿರುಗಿಸಿದ್ರ ಚಕ್ ಸಮೇತ ಇಳಿಯೋ ಕೊಳವಿ) ಪೂರಾ ಕೆಳಗ ಇಳಿಸಿ ಚಕ್ ಹಿಡದು ಹಿಂದ ಮುಂದ ಅಲ್ಲಾಡಿಸಿ ನೋಡ್ರಿ, ಟಕ್ ಟಕ್ ಅಂದ್ರ ಸಡಲ ಐತಿ. ಎಷ್ಟೋ ಮಷೀನಿಗೆ ಹೆಡ್ ಪಕ್ಕ ಒಂದು ಲಾಕ್‌ನಟ್ ಇರೋ ಸ್ಕ್ರೂ ಇರತೈತಿ, ಕ್ವಿಲ್ ಜಾಮ್ ಆಗದಂಗ ಅದನ್ನ ಚೂರು ಬಿಗಿ ಮಾಡ್ರಿ. ಚಕ್ ಓಲಾಡತೈತಿ ಅಂದ್ರ ಚಕ್ ಬಿಚ್ಚಿ ಟೇಪರ್ (ಚಕ್ ಕೂಡೋ ಶಂಕು ಆಕಾರದ ಜಾಗ) ಒಳಗಿನ ಧೂಳು, ಗ್ರೀಸ್ ಎಲ್ಲಾ ಒರಸಿ ಒಣಗಿಸಿ ಮತ್ತ ಕೂಡಿಸ್ರಿ, ಭಾಳ ಸಲ ಅಷ್ಟಕ್ಕ ಸರಿ ಹೋಗತೈತಿ.

ಇನ್ನ ಟೇಬಲ್. ದಪ್ಪ ತಂತಿ ಒಂದು ಝಡ್ ಆಕಾರಕ್ಕ ಬಗ್ಗಿಸಿ ಚಕ್ಕಿಗೆ ಹಿಡಿಸಿ, ತುದಿ ಟೇಬಲ್ ಮುಟ್ಟೂ ಮುಟ್ಟದಂಗ ಮಾಡಿ ಕೈಲೆ ಒಂದು ಸುತ್ತು ತಿರುಗಿಸ್ರಿ. ಒಂದು ಕಡೆ ತಾಗಿ ಇನ್ನೊಂದು ಕಡೆ ಸಂದಿ ಬಿತ್ತು ಅಂದ್ರ ಟೇಬಲ್ ವಾಲೈತಿ. ಆಗ ಲೇಸರ್ ಮ್ಯಾಲಿನ ಮುಖದಾಗ ಸರಿ ತೋರಿಸ್ತೈತಿ, ನಿಮ್ಮ 75 ಎಂಎಂ ಕಾಲಿನ ತಳದಾಗ ತೂತು ಬ್ಯಾರೆ ಕಡೆ ಹೊಂಡತೈತಿ. ತೇಗದಾಗ ಗಟ್ಟಿ ಗೆರಿ ಮೆತ್ತನ್ ಗೆರಿ ಇರತಾವಲ್ರಿ, ತೆಳು ಬಿಟ್ ಮೆತ್ತನ್ ಕಡೆ ಸರೀತೈತಿ, ಅದನ್ನ ಯಾವ ಲೇಸರ್ ತಡೀತೈತಿ? ಬಿಟ್ ಚೂಪ ಇಟ್ಕೋರಿ, ನಡುನಡುವ ಮ್ಯಾಲ ಎತ್ತಿ ಪುಡಿ ತಗೀರಿ, ಒತ್ತಬ್ಯಾಡ್ರಿ.

ಕಾಲ್ಮಣೆ (ಕುಂದಾಪುರ):
ಒಂದು ಕೆಲಸಕ್ಕೆ ಲೇಸರ್‌ನ ಬಿಟ್ರೆ ಬೇರೆ ಸುಲಭದ ದಾರಿ ನನಗಂತೂ ಕಾಣ್ಲಿಲ್ಲ ಮಾರಾಯ್ರೆ, ಓರೆ ತೂತು. ಸ್ಟೂಲಿಗೆ ಕಾಲು ಹೊರಗೆ ಚಾಚುವ ಹಾಗೆ 10 ಡಿಗ್ರಿ ಓರೆ ಬೇಕಾದ್ರೆ ಟೇಬಲ್ ಓರೆ ಮಾಡಿ ಹಲಗೆ ಇಡಬೇಕಲ್ಲ, ಬಿಟ್ ಎತ್ತರದಲ್ಲಿ ಉಂಟು, ಮೊನೆ ಎಲ್ಲಿ ತಾಗ್ತದೆ ಅಂತ ಕಣ್ಣಂದಾಜಿಗೆ ಸಿಗುದಿಲ್ಲ. ಹಾಳೆಗಳು ಅಕ್ಷದಲ್ಲೇ ಹೋಗುವ ಹಾಗೆ ಸೆಟ್ ಮಾಡಿದ್ರೆ ಓರೆ ಹಲಗೆ ಮೇಲೆ ಬಿದ್ದ ಕ್ರಾಸೇ ಬಿಟ್ ಒಳಗೆ ಹೋಗುವ ಜಾಗ, ಹಲಗೆ ಎಷ್ಟು ಓರೆ ಇದ್ರೂ. ಒಂದೇ ಎತ್ತರಕ್ಕೆ ಸೆಟ್ ಮಾಡಿದ ಲೇಸರ್ ಇಲ್ಲಿ ಪೂರ್ತಿ ಮೋಸ ಮಾಡ್ತದೆ.

ಇನ್ನೊಂದು ಉಪಯೋಗ ಉಂಟು. ಗುಂಡು ಕಂಬದ ಮಷೀನಲ್ಲಿ ಉದ್ದ ಬಿಟ್ ಹಾಕ್ಲಿಕ್ಕೆ ಟೇಬಲ್ ಕೆಳಗೆ ಮಾಡಿದ್ರೆ ಅದು ಪಕ್ಕಕ್ಕೂ ತಿರುಗ್ತದೆ, ಮೊದಲು ಹಾಕಿದ ತೂತಿನ ಸೆಂಟರ್ ಹೋಯ್ತು. ಲೇಸರ್ ಇದ್ರೆ ಹಲಗೆ ಮೇಲಿನ ಉದ್ದ ಗೆರೆಗಳಿಗೆ ಕ್ರಾಸ್ ಹೊಂದಿಸಿ ಟೇಬಲ್ ಲಾಕ್ ಮಾಡುದು, ಬೇಗ ಆಗ್ತದೆ.

ಹಲಸಿನ_ಹಲಗೆ (ತುಮಕೂರು):
ಕಾಲ್ಮಣೆಯವ್ರೆ, ಮಂಚ ಆದ್ಮೇಲೆ ನಾನೂ ಸ್ಟೂಲೇ ಮಾಡ್ಬೇಕು ಅಂತಿರೋದು. ಓರೆ ಹಲಗೆ ಮೇಲೆ ಬ್ರಾಡ್ ಪಾಯಿಂಟ್ ಮೊನೆ ಜಾರಲ್ವಾ? ಕ್ರಾಸ್ ಸರಿ ಇದ್ರೂ ಬಿಟ್ ಪಕ್ಕಕ್ಕೆ ಓಡಿದ್ರೆ?

ಕಾಲ್ಮಣೆ (ಕುಂದಾಪುರ):
ಜಾರ್ತದೆ, ಅದಕ್ಕೆ ಇಲ್ಲಿ ಫೋರ್ಸ್ಟ್‌ನರ್ ಒಳ್ಳೇದು. ಅದಕ್ಕೆ ಅಂಚಿನ ಆಧಾರ ಇರ್ತದೆ, ಓರೆಯಲ್ಲಿ ಅರ್ಧ ತಾಗಿದ್ರೂ ನೆಟ್ಟಗೆ ಹೋಗ್ತದೆ, ಆದ್ರೆ ಸ್ಪೀಡ್ ಕಮ್ಮಿ ಇಡಿ, 25 ಎಂಎಂಗಿಂತ ದೊಡ್ಡ ಬಿಟ್ ಗಟ್ಟಿ ಮರಕ್ಕೆ 500 ಆರ್‌ಪಿಎಂ ಸುತ್ತಮುತ್ತ ಸಾಕು. ಕ್ರಾಸ್ ಬಿದ್ದಲ್ಲಿ ಮೊದಲು ಆರಿಯಲ್ಲಿ ಆಳ ಕುಳಿ ಮಾಡಿ. ಹಲಗೆಯ ತಗ್ಗಿನ ಅಂಚಿಗೆ ಟೇಬಲ್ ಮೇಲೆ ಒಂದು ಪಟ್ಟಿ ಬಿಗಿದು ತಡೆ ಕೊಡಿ, ಮೇಲಿಂದ ಎರಡು ಕ್ಲ್ಯಾಂಪ್ ಹಾಕಿ, ಬರೀ ಕೈಯಲ್ಲಿ ಹಿಡಿಲಿಕ್ಕೆ ಹೋಗ್ಬೇಡಿ. ತೂತು ಆಚೆ ಹೊರಡುವಲ್ಲಿ ಮರ ಸಿಡಿಯದ ಹಾಗೆ ಕೆಳಗೆ ಬೇಡದ ಪ್ಲೈ ತುಂಡು ಇಡಿ. ಮೊದಲ ತೂತನ್ನು ಬೇಡದ ಹಲಗೆಯಲ್ಲೇ ಹಾಕಿ ಕಾಲು ತೂರಿಸಿ, ಹೊರಗೆ ಚಾಚುವ ದಿಕ್ಕು ಸರಿ ಉಂಟಾ ನೋಡಿಕೊಂಡ ಮೇಲೆ ಒಳ್ಳೆ ಹಲಗೆ ಇಡಿ.